ಆಫೀಸ್ ಸರ್ವರ್‌ಗೆ ನೆಟ್ ಬರುತ್ತೆ, ಹೋಗುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಸುತ್ತಮುತ್ತ ಸಣ್ಣ ಆಫೀಸುಗಳ ಕಂಪ್ಯೂಟರ್, ಕೇಬಲ್ಲು, ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಆಡಿಟರ್ ಆಫೀಸು, ಅಡಿಕೆ ಮಂಡಿ, ಕ್ಲಿನಿಕ್ಕು, ಲಾರಿ ಬುಕಿಂಗ್ ಆಫೀಸು, ಇಂಥವು. ಒಂದು ಸರ್ವರ್, ಐದರಿಂದ ಹದಿನೈದು ಕಂಪ್ಯೂಟರ್, ಒಂದು ಫೈಬರ್ ಲೈನು. ನೆಟ್ ಪೂರ್ತಿ ಸತ್ತರೆ ಹುಡುಕುವುದು ಸುಲಭ. ಐದು ನಿಮಿಷ ಹೋಗಿ ತಾನೇ ವಾಪಸ್ ಬರುವ ನೆಟ್ ಇದೆಯಲ್ಲ, ಅದು ತಲೆ ತಿನ್ನುತ್ತದೆ. ನಾನು ಬೈಕ್ ನಿಲ್ಲಿಸಿ ಒಳಗೆ ಕಾಲಿಡುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. "ಈಗ ತಾನೇ ಬಂತು ಸರ್" ಅನ್ನುತ್ತಾರೆ. ಫೋನಿನಲ್ಲಿ ಮತ್ತೆ ಮತ್ತೆ ಹೇಳುವ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನೆಟ್ ಹೋದಾಗ ಎಲ್ಲ ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ. ಹಾಗೇ ಮಾಡುತ್ತಾ ಇದ್ದರೆ ಆಗಲ್ವಾ?

ಆಗುತ್ತದೆ, ಆದರೆ ತೊಂದರೆ ಎಲ್ಲಿದೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಸರ್ವರ್, ಸ್ವಿಚ್ (ಎಲ್ಲ ಕಂಪ್ಯೂಟರ್‌ಗಳ ಲ್ಯಾನ್ ಕೇಬಲ್ ಬಂದು ಸೇರುವ ಪೆಟ್ಟಿಗೆ), ಮೋಡೆಮ್ (ಫೈಬರ್ ಲೈನು ಬಂದು ಸೇರುವ ಪೆಟ್ಟಿಗೆ) ಮೂರನ್ನೂ ಒಟ್ಟಿಗೆ ಆಫ್ ಮಾಡಿದರೆ ಯಾವುದು ಕೈ ಕೊಟ್ಟಿತ್ತು ಅನ್ನುವ ಸಾಕ್ಷಿಯೇ ಅಳಿಸಿ ಹೋಗುತ್ತದೆ. ಅಗ್ಗದ ರೂಟರ್‌ಗಳಲ್ಲಿ (ನೆಟ್ಟನ್ನು ಎಲ್ಲ ಯಂತ್ರಗಳಿಗೆ ಹಂಚುವ ಪೆಟ್ಟಿಗೆ) ಲಾಗ್, ಅಂದರೆ ಏನೇನಾಯಿತು ಅನ್ನುವ ದಾಖಲೆ, ಇರುವುದು ಮೆಮೊರಿಯಲ್ಲಿ ಮಾತ್ರ, ಕರೆಂಟ್ ತೆಗೆದರೆ ಅದೂ ಹೋಯಿತು. ಅದಕ್ಕೇ ನಾನು ಮೊದಲು ಹೇಳುವುದು ಇಷ್ಟೇ: ಮುಟ್ಟಬೇಡಿ, ಗಡಿಯಾರ ನೋಡಿ. ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು, ಆಗ ಯಾರು ಏನು ಮಾಡುತ್ತಿದ್ದರು, ಮೋಡೆಮ್ ಮೇಲೆ ಯಾವ ದೀಪ ಉರಿಯುತ್ತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ಆ ತಾರೀಕಿನ ಚೌಕದಲ್ಲೇ ಬರೆದರೆ ಸಾಕು. ದೀಪದ್ದು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಬೇಕಾದರೆ ರೀಸ್ಟಾರ್ಟ್ ಮಾಡಿ, ಅದೂ ಒಂದೊಂದಾಗಿ: ಮೊದಲು ಮೋಡೆಮ್, ಎರಡು ಮೂರು ನಿಮಿಷ ಕಾದು ನೋಡಿ, ಬರದಿದ್ದರೆ ಸ್ವಿಚ್, ಕೊನೆಗೆ ಸರ್ವರ್. ಯಾವುದನ್ನು ಆಫ್ ಮಾಡಿದಾಗ ನೆಟ್ ಬಂತೋ ಅದೇ ಮುಕ್ಕಾಲು ಉತ್ತರ.

"ನೆಟ್ ಹೋಯಿತು" ಅಂದರೆ ನಿಜವಾಗಿ ಹೋಗಿದ್ದು ಯಾವುದು?

ಇದನ್ನು ಕೇಳಿದರೆ ಜನಕ್ಕೆ ಸಿಟ್ಟು ಬರುತ್ತದೆ, ಆದರೂ ಕೇಳಲೇಬೇಕು. ಟ್ಯಾಲಿ ತೆರೆಯುತ್ತಿಲ್ಲ ಅಂದರೂ "ನೆಟ್ ಇಲ್ಲ" ಅನ್ನುತ್ತಾರೆ, ಜಿಎಸ್‌ಟಿ ಪೋರ್ಟಲ್ ಬರುತ್ತಿಲ್ಲ ಅಂದರೂ ಅದೇ ಮಾತು. ನಿಮ್ಮ ಟ್ಯಾಲಿ ಡೇಟಾ ಆಫೀಸಿನೊಳಗಿನ ಸರ್ವರ್‌ನಲ್ಲೇ ಇದ್ದರೆ, ಅದನ್ನು ತೆರೆಯಲು ಹೊರಗಿನ ಇಂಟರ್ನೆಟ್ ಬೇಕಾಗಿಲ್ಲ. ಅದು ನಿಂತರೆ ತೊಂದರೆ ನಿಮ್ಮ ನಾಲ್ಕು ಗೋಡೆಯೊಳಗೇ ಇದೆ: ಕೇಬಲ್ಲು, ಸ್ವಿಚ್ಚು ಅಥವಾ ಸರ್ವರ್. ಟ್ಯಾಲಿ ಓಡುತ್ತಿದೆ, ಮೇಲ್ ಹೋಗುತ್ತಿಲ್ಲ ಅಂದರೆ ಮೋಡೆಮ್‌ನಿಂದ ಆಚೆ ನೋಡಬೇಕು, ಇಲ್ಲವೇ ಹೆಸರು ಹುಡುಕುವ ಡಿಎನ್‌ಎಸ್ ಕಡೆ. ಇನ್ನು 11ನೇ ತಾರೀಕು, 20ನೇ ತಾರೀಕು ರಿಟರ್ನ್ ಹಾಕುವ ಹೊತ್ತಿಗೆ ಪೋರ್ಟಲ್ ಒಂದೇ ನಿಧಾನವಾಗಿ, ಬೇರೆಲ್ಲ ಸೈಟ್ ಸಲೀಸಾಗಿ ಬರುತ್ತಿದ್ದರೆ ನಿಮ್ಮ ಸರ್ವರ್ ಪಾಪ ಏನೂ ಮಾಡಿಲ್ಲ.

ಎಲ್ಲಿ ಕೈ ಕೊಡುತ್ತಿದೆ ಅಂತ ನಾವೇ ಕಂಡುಹಿಡಿಯಬಹುದಾ?

ಖಂಡಿತ. ದುಡ್ಡು ಖರ್ಚಿಲ್ಲದ ಕೆಲಸ. ಸರ್ವರ್ ಮೇಲೆ ಮೂರು ಕಪ್ಪು ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್, ತೆರೆಯಿರಿ. ಮೂರರಲ್ಲೂ ಪಿಂಗ್ ("ಇದ್ದೀಯಾ" ಅಂತ ಇನ್ನೊಂದು ಯಂತ್ರವನ್ನು ಕೇಳಿ ಉತ್ತರ ನೋಡುವ ಆಜ್ಞೆ) ಬಿಡಿ, ಕೊನೆಗೆ ಅಡ್ಡಗೆರೆ ಟಿ ಹಾಕಿ, ಆಗ ಅದು ನಿಲ್ಲದೆ ಓಡುತ್ತಲೇ ಇರುತ್ತದೆ. (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೇ.)

ಮೊದಲ ಕಿಟಕಿ: ಪಿಂಗ್ 192.168.1.1 -ಟಿ. ಇದು ನಿಮ್ಮ ರೂಟರ್. ಕೆಲವು ಕಡೆ 192.168.0.1 ಇರುತ್ತದೆ. ಗೊತ್ತಿಲ್ಲದಿದ್ದರೆ ಐಪಿಕಾನ್ಫಿಗ್ ಅಂತ ಕೊಟ್ಟು ಡಿಫಾಲ್ಟ್ ಗೇಟ್‌ವೇ ಎದುರಿಗಿರುವ ನಂಬರ್ ನೋಡಿಕೊಳ್ಳಿ.

ಎರಡನೇ ಕಿಟಕಿ: ರೂಟರ್ ದಾಟಿದ ಮೇಲೆ ಸಿಗುವ ಇಂಟರ್ನೆಟ್ ಕಂಪನಿಯ ಮೊದಲ ಯಂತ್ರ. ಅದರ ನಂಬರ್ ಬೇಕಾದರೆ ಟ್ರೇಸರ್ಟ್ 8.8.8.8 ಕೊಡಿ, ಬರುವ ಪಟ್ಟಿಯಲ್ಲಿ ಎರಡನೇ ಸಾಲು ಸಾಮಾನ್ಯವಾಗಿ ಅದೇ. ಕೆಲವು ಕಂಪನಿಗಳ ಯಂತ್ರ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ, ಆಗ ಮೂರನೇ ಸಾಲು ಹಿಡಿಯಿರಿ.

ಮೂರನೇ ಕಿಟಕಿ: ಪಿಂಗ್ 8.8.8.8 -ಟಿ. ಇದು ಗೂಗಲ್‌ನ ಡಿಎನ್‌ಎಸ್ ಯಂತ್ರ. ಇದರ ಬದಲು ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿದರೂ ನಡೆಯುತ್ತದೆ.

ಬಿಟ್ಟು ನಿಮ್ಮ ಕೆಲಸ ಮಾಡಿಕೊಳ್ಳಿ. ನೆಟ್ ಹೋದ ಕೂಡಲೇ ಬಂದು ಯಾವ ಕಿಟಕಿ ನಿಂತಿದೆ ನೋಡಿ. ಮೂರೂ ನಿಂತಿದ್ದರೆ ಸರ್ವರ್‌ನಿಂದ ರೂಟರ್‌ವರೆಗಿನ ದಾರಿಯಲ್ಲಿ ತೊಂದರೆ, ಇಲ್ಲವೇ ರೂಟರ್ರೇ ಮಲಗಿದೆ. ಮೊದಲನೆಯದು ಓಡುತ್ತಿದ್ದು ಉಳಿದೆರಡು ನಿಂತಿದ್ದರೆ ಮೋಡೆಮ್ಮು ಅಥವಾ ಹೊರಗಿನ ಫೈಬರ್ರು. ಮೊದಲೆರಡು ಓಡುತ್ತಿದ್ದು ಕೊನೆಯದು ಮಾತ್ರ ನಿಂತಿದ್ದರೆ ಇಂಟರ್ನೆಟ್ ಕಂಪನಿಯ ಒಳಗಿನ ತೊಂದರೆ, ನೀವು ಮಾಡುವುದು ಏನೂ ಇಲ್ಲ, ಟೀ ಕುಡಿಯಿರಿ. ಮೂರೂ ಚೆನ್ನಾಗಿ ಓಡುತ್ತಿವೆ, ಆದರೂ ಬ್ರೌಸರ್ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಇದೇ ಮೂರು ಕಿಟಕಿಯನ್ನು ಇನ್ನೊಂದು ಕಂಪ್ಯೂಟರ್‌ನಲ್ಲೂ ತೆರೆದಿಟ್ಟರೆ ಇನ್ನೂ ಒಳ್ಳೆಯದು. ಸರ್ವರ್‌ನಲ್ಲಿ ಮಾತ್ರ ನಿಂತು ಪಕ್ಕದ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದರೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಹಾಡು ಕೇಳುವುದು ಉಳಿಯಿತು.

ಪಿಂಗ್‌ನಲ್ಲಿ ಬೇರೆ ಬೇರೆ ಸಾಲು ಬರುತ್ತದೆ. ಎಲ್ಲ ಒಂದೇ ಅಲ್ವಾ?

ಅಲ್ಲ. "ರಿಕ್ವೆಸ್ಟ್ ಟೈಮ್ಡ್ ಔಟ್" ಅಂದರೆ ನಾನು ಕೇಳಿದೆ, ಉತ್ತರ ಬರಲಿಲ್ಲ ಅಂತ. ನಿಮ್ಮ ಸರ್ವರ್‌ನದೇ ಐಪಿ (ನೆಟ್‌ವರ್ಕ್‌ನಲ್ಲಿ ಅದರ ನಂಬರ್) ಮುಂದಿಟ್ಟು "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್" ಬಂದರೆ ರೂಟರ್ ಎಲ್ಲಿದೆ ಅನ್ನುವುದೇ ಸರ್ವರ್‌ಗೆ ಸಿಗುತ್ತಿಲ್ಲ, ಅಂದರೆ ಆಫೀಸಿನೊಳಗಿನ ತೊಂದರೆ. "ಜನರಲ್ ಫೇಲ್ಯೂರ್" ಬಂದರೆ ಸರ್ವರ್‌ನ ನೆಟ್‌ವರ್ಕ್ ಕಾರ್ಡೇ ಕೆಲಸ ಬಿಟ್ಟಿದೆ, ಅಥವಾ ಆಂಟಿವೈರಸ್, ಫೈರ್‌ವಾಲ್ ಅಡ್ಡ ಬಂದಿದೆ. ಒಂದೆರಡು ಉತ್ತರ ತಪ್ಪಿದರೆ ಗಾಬರಿ ಬೇಡ. ಆದರೆ ರೂಟರ್‌ಗೆ ಬಿಟ್ಟ ಪಿಂಗ್ 1 ಮಿಲಿಸೆಕೆಂಡ್ ಆಸುಪಾಸು ಇರಬೇಕು. ಅಲ್ಲೇ 200, 300 ತೋರಿಸುತ್ತಿದ್ದರೆ ಏನೋ ಕೆಟ್ಟಿದೆ.

ಮೋಡೆಮ್ ದೀಪಗಳಲ್ಲಿ ಯಾವುದನ್ನು ನೋಡಬೇಕು?

ಫೈಬರ್ ಮೋಡೆಮ್‌ನಲ್ಲಿ ಎರಡು ದೀಪ ಮುಖ್ಯ. ಪಿಓಎನ್ ಅಂತ ಬರೆದಿರುವುದು ಹಸಿರಾಗಿ ಅಲುಗದೆ ಉರಿಯಬೇಕು. ಎಲ್ಓಎಸ್ ಅಂತ ಬರೆದಿರುವುದು ಉರಿಯಲೇಬಾರದು. ಎಲ್ಓಎಸ್ ಕೆಂಪಾದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಅಥವಾ ಸಾಲುತ್ತಿಲ್ಲ. ಆಗ ಸರ್ವರ್ ಹತ್ತಿರ ಏನೇ ಮಾಡಿದರೂ ಪ್ರಯೋಜನವಿಲ್ಲ.

ಮೋಡೆಮ್‌ನ ಅಡ್ಮಿನ್ ಪುಟದಲ್ಲಿ ಆರ್‌ಎಕ್ಸ್ ಆಪ್ಟಿಕಲ್ ಪವರ್, ಅಂದರೆ ಒಳಗೆ ಬರುವ ಬೆಳಕಿನ ಬಲ, ಅಂತ ಒಂದು ಅಂಕಿ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ, ಮೈನಸ್‌ನಲ್ಲಿ. -20 ಆಸುಪಾಸು ಇದ್ದರೆ ನಿಶ್ಚಿಂತೆ. -25 ದಾಟಿ -27ರ ಹತ್ತಿರ ಹೋದರೆ ಅಂಚಿನಲ್ಲಿ ನಿಂತ ಹಾಗೆ: ಒಂದು ಹೊತ್ತು ಬರುತ್ತದೆ, ಒಂದು ಹೊತ್ತು ಇಲ್ಲ. ಕಾರಣ ಹೆಚ್ಚಾಗಿ ಸಣ್ಣದೇ. ಹಳದಿ ಅಥವಾ ಬಿಳಿ ತೆಳು ಕೇಬಲ್ ಮೇಜಿನ ಕಾಲಿಗೆ ಸಿಕ್ಕಿ ಮಡಚಿಕೊಂಡಿರುತ್ತದೆ, ಫೈಲ್ ರ‍್ಯಾಕ್ ಸರಿಸುವಾಗ ಗೋಡೆಗೆ ಒತ್ತಿಕೊಂಡಿರುತ್ತದೆ, ಇಲ್ಲವೇ ಕನೆಕ್ಟರ್ ತುದಿಯಲ್ಲಿ ಧೂಳು ಕೂತಿರುತ್ತದೆ. ಒಳಗೆ ಇರುವುದು ಗಾಜಿನ ಎಳೆ, ತಾಮ್ರದ ತಂತಿಯ ಹಾಗೆ ಮಡಚಿ ಕಟ್ಟಿದರೆ ಬೆಳಕು ಸೋರಿ ಹೋಗುತ್ತದೆ. ದೊಡ್ಡ ಸುತ್ತಾಗಿ ಬಿಡಿ. ಕನೆಕ್ಟರ್ ಬಿಚ್ಚಿ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಆ ಲೇಸರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಅಂಗಿಯ ತುದಿಯಲ್ಲಿ ಒರೆಸುವುದೂ ಬೇಡ.

ನಮ್ಮ ಆಫೀಸಿನಲ್ಲಿ ಪ್ರಿಂಟ್ ಕೊಟ್ಟಾಗ ನೆಟ್ ಹೋಗುತ್ತದೆ. ಇದೆಂಥ ತಮಾಷೆ?

ತಮಾಷೆ ಅಲ್ಲ, ಇದು ನನ್ನ ಕಣ್ಣಾರೆ ಕಂಡಿದ್ದು. ಒಂದು ಆಡಿಟರ್ ಆಫೀಸು. ಪ್ರತಿ ತಿಂಗಳು 18, 19, 20ನೇ ತಾರೀಕು ನೆಟ್ ಹೋಗುತ್ತಿತ್ತು, ಉಳಿದ ದಿನ ಅಪರೂಪಕ್ಕೆ. ಎಲ್ಲರೂ ಇಂಟರ್ನೆಟ್ ಕಂಪನಿಯನ್ನು ಬೈದರು, ಆಮೇಲೆ ಪೋರ್ಟಲ್ ಬೈದರು, ಕೊನೆಗೆ ನಾನು ಹಾಕಿದ ಸ್ವಿಚ್ಚನ್ನೂ ಬೈದರು. ಎಂಟ್ರಿ ಮಾಡುವ ಹುಡುಗಿಗೆ ಕ್ಯಾಲೆಂಡರ್‌ನಲ್ಲಿ ಸಮಯ ಬರೆಯಮ್ಮ ಅಂದೆ. ಅವಳು ಸಮಯದ ಜೊತೆ ಯಾರ ಫೈಲು ಅಂತಲೂ ಬರೆದಿದ್ದಳು, ನಾನು ಕೇಳಿರಲಿಲ್ಲ. ನೋಡಿದರೆ ಪ್ರತಿ ಸಲವೂ ಚಲನ್ ಕಟ್ಟಿ ಮುಗಿದ ಮೇಲೆಯೇ ಹೋಗಿದೆ. ಕಟ್ಟುವಾಗ ಅಲ್ಲ, ಕಟ್ಟಿದ ಮೇಲೆ. ಕಟ್ಟಿದ ಮೇಲೆ ಏನು ಮಾಡುತ್ತೀರಿ? ಪ್ರಿಂಟ್ ತೆಗೆಯುತ್ತೇವೆ.

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಒಂದು ಯುಪಿಎಸ್, ಅದರಿಂದ ಒಂದು ಸ್ಪೈಕ್ ಬೋರ್ಡ್, ಆ ಬೋರ್ಡಿನಲ್ಲಿ ಸರ್ವರ್, ಮಾನಿಟರ್, ಸ್ವಿಚ್, ಮೋಡೆಮ್ ಅಡಾಪ್ಟರ್, ಜೊತೆಗೆ ಲೇಸರ್ ಪ್ರಿಂಟರ್. ಲೇಸರ್ ಪ್ರಿಂಟರ್ ಒಳಗೆ ಹಾಳೆಯ ಮೇಲೆ ಪುಡಿ ಕರಗಿಸಿ ಕೂರಿಸಲು ಒಂದು ಹೀಟರ್ ಇರುತ್ತದೆ. ಮಲಗಿದ್ದ ಪ್ರಿಂಟರ್ ಎದ್ದ ಕೂಡಲೇ ಅದು ಒಂದೇ ಏಟಿಗೆ ನೂರಾರು ವ್ಯಾಟ್ ಎಳೆಯುತ್ತದೆ. ಯುಪಿಎಸ್ ಒಂದು ಕ್ಷಣ ಕುಸಿಯುತ್ತದೆ. ಸರ್ವರ್‌ನ ಪವರ್ ಸಪ್ಲೈಗೆ ಆ ಕ್ಷಣವನ್ನು ತಡೆದುಕೊಳ್ಳುವಷ್ಟು ದಮ್ಮಿದೆ. ಮೋಡೆಮ್‌ನ ಪುಟ್ಟ 12 ವೋಲ್ಟ್ ಅಡಾಪ್ಟರ್‌ಗೆ, ಅದೂ ನಾಲ್ಕು ವರ್ಷ ಹಳೆಯದಕ್ಕೆ, ಇಲ್ಲ. ಮೋಡೆಮ್ ಆಫ್ ಆಗಿ ಆನ್ ಆಗುತ್ತದೆ, ಮತ್ತೆ ಲೈನ್ ಹಿಡಿದು ಲಾಗಿನ್ ಆಗಲು ಎರಡು ಮೂರು ನಿಮಿಷ. ಅಷ್ಟರಲ್ಲಿ "ನೆಟ್ ಹೋಯಿತು". ಪ್ರಿಂಟರ್‌ನ ಪ್ಲಗ್ ಕಿತ್ತು ಗೋಡೆಯ ಸಾಕೆಟ್‌ಗೆ ನೇರ ಹಾಕಿ, ಅಡಾಪ್ಟರ್ ಹೊಸದು ತಂದೆ. ಮುಗಿಯಿತು. ನನ್ನ ಸ್ವಿಚ್ಚನ್ನು ಬೈದಿದ್ದಕ್ಕೆ ಯಾರೂ ಸಾರಿ ಕೇಳಲಿಲ್ಲ, ಇರಲಿ.

ನಿಮ್ಮಲ್ಲೂ ಇದೇ ಅನುಮಾನ ಇದ್ದರೆ ಪರೀಕ್ಷೆ ಸುಲಭ. ರೂಟರ್ ಅಥವಾ ಮೋಡೆಮ್ ಅಡ್ಮಿನ್ ಪುಟದಲ್ಲಿ ಅಪ್‌ಟೈಮ್ ಅಂತ ಇರುತ್ತದೆ, ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ. ನೆಟ್ ಹೋಗಿ ಬಂದ ಮೇಲೆ ನೋಡಿ. ಆರು ನಿಮಿಷ ಅಂತಿದ್ದರೆ ಪೆಟ್ಟಿಗೆಯೇ ಆಫ್ ಆಗಿತ್ತು: ಅಡಾಪ್ಟರ್, ಯುಪಿಎಸ್, ಲೂಸ್ ಪ್ಲಗ್, ಇಲ್ಲವೇ ಬಿಸಿ. ಪೆಟ್ಟಿಗೆಯ ಅಪ್‌ಟೈಮ್ ಹನ್ನೆರಡು ದಿನ ಇದ್ದು, ಕನೆಕ್ಷನ್ ಸಮಯ ಮಾತ್ರ ಆರು ನಿಮಿಷ ಇದ್ದರೆ ಪವರ್ ಸರಿಯಿದೆ, ಲೈನು ಬಿದ್ದಿತ್ತು. ಈ ಒಂದು ಅಂಕಿ ನೋಡದೆ ಹೊಸ ರೂಟರ್ ಕೊಂಡವರನ್ನು ತುಂಬಾ ಜನ ನೋಡಿದ್ದೇನೆ.

ಕೇಬಲ್ ಸರಿ ಇದೆ, ದೀಪ ಉರಿಯುತ್ತಿದೆ. ಅದರಲ್ಲೇನು ತೊಂದರೆ ಇರುತ್ತದೆ?

ದೀಪ ಉರಿದರೆ ಕೇಬಲ್ ಚೆನ್ನಾಗಿದೆ ಅಂತಲ್ಲ. ಲ್ಯಾನ್ ಕೇಬಲ್ ಒಳಗೆ ನಾಲ್ಕು ಜೊತೆ ತಂತಿ ಇರುತ್ತದೆ. 1 ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಒಂದು ತಂತಿ ಅರ್ಧಂಬರ್ಧ ತಾಗುತ್ತಿದ್ದರೆ ಸರ್ವರ್ ಒಮ್ಮೆ ಗಿಗಾಬಿಟ್ ಹಿಡಿಯುತ್ತದೆ, ಬಿಡುತ್ತದೆ, 100ಕ್ಕೆ ಇಳಿಯುತ್ತದೆ, ಮತ್ತೆ ಹಿಡಿಯುತ್ತದೆ. ಪ್ರತಿ ಸಲ ಕೆಲವು ಸೆಕೆಂಡು ಲಿಂಕ್ ಹೋಗುತ್ತದೆ. ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ಸ್ಪೀಡ್ ನೋಡಿ. ಗಿಗಾಬಿಟ್ ಸ್ವಿಚ್ ಇದ್ದೂ 100 ತೋರಿಸುತ್ತಿದ್ದರೆ ಬೇರೆ ಕೇಬಲ್ ಹಾಕಿ, ಸುಮ್ನೆ ಯೋಚಿಸುತ್ತಾ ಕೂರಬೇಡಿ.

ಅಗ್ಗಕ್ಕೆ ಸಿಗುವ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಇರುತ್ತದೆ, ಸಿಸಿಎ ಅಂತ ಅದರ ಹೆಸರು. ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಸರ್ವರ್‌ಗೆ ಮಾತ್ರ ಅದನ್ನು ಹಾಕಬೇಡಿ. ಒಂದೇ ಕೇಬಲ್ 100 ಮೀಟರ್ ಮೀರಲೂ ಬಾರದು. ಗೋಡೌನ್ ಇರುವ ಕಡೆ ಇದನ್ನು ಮರೆತೇ ಬಿಡುತ್ತಾರೆ.

ಇನ್ನು ಇಲಿ. ಚನ್ನಗಿರಿ ಕಡೆಯ ಒಂದು ಅಡಿಕೆ ಮಂಡಿಯಲ್ಲಿ ಚೀಲ ಎತ್ತಿಡುವ ದಿನ ಮಾತ್ರ ನೆಟ್ ಹೋಗುತ್ತಿತ್ತು. ಚೀಲದ ಹಿಂದೆ ಕೇಬಲ್ಲಿನ ಹೊದಿಕೆಯನ್ನು ಇಲಿ ಒಂದು ಗೇಣು ಉದ್ದ ಸುಲಿದಿತ್ತು, ಒಳಗಿನ ತಂತಿ ಕತ್ತರಿಸಿರಲಿಲ್ಲ. ಚೀಲ ತಾಗಿದಾಗ ತಂತಿಗೆ ತಂತಿ ಅಂಟುತ್ತಿತ್ತು, ಚೀಲ ತೆಗೆದರೆ ಬಿಡುತ್ತಿತ್ತು. ಈಗ ಆ ಗೋಡೆಗೆ ಪೈಪು ಹಾಕಿ ಒಳಗೆ ಕೇಬಲ್ ಎಳೆದಿದ್ದೇನೆ.

ಐಪಿ ಡಿಕ್ಕಿ ಅಂದರೇನು? ಅದರಿಂದ ನೆಟ್ ಹೋಗುತ್ತದಾ?

ಹೋಗುತ್ತದೆ, ಅದೂ ತುಂಬಾ ವಿಚಿತ್ರವಾಗಿ. ಆಫೀಸಿನೊಳಗೆ ಪ್ರತಿ ಯಂತ್ರಕ್ಕೂ ಒಂದು ಐಪಿ ನಂಬರ್. ಒಂದೇ ನಂಬರ್ ಇಬ್ಬರಿಗೆ ಸಿಕ್ಕರೆ ಒಂದೇ ಬಾಗಿಲ ಸಂಖ್ಯೆಯ ಎರಡು ಮನೆ ಇದ್ದ ಹಾಗೆ, ಪೋಸ್ಟ್‌ಮ್ಯಾನ್ ಒಮ್ಮೆ ಇಲ್ಲಿಗೆ ಕೊಡುತ್ತಾನೆ, ಒಮ್ಮೆ ಅಲ್ಲಿಗೆ. ಸರ್ವರ್‌ಗೆ ಯಾರೋ ಕೈಯಾರೆ ಒಂದು ನಂಬರ್ ಕೊಟ್ಟಿರುತ್ತಾರೆ, ರೂಟರ್‌ಗೆ ಆ ವಿಷಯ ಗೊತ್ತಿರುವುದಿಲ್ಲ, ಅದು ಅದೇ ನಂಬರನ್ನು ಯಾರದೋ ಮೊಬೈಲಿಗೆ ಹಂಚುತ್ತದೆ. ಆ ಮೊಬೈಲಿನವರು ಆಫೀಸಿಗೆ ಬಂದಾಗ ಸರ್ವರ್ ಬೀಳುತ್ತದೆ, ಊಟಕ್ಕೆ ಹೋದಾಗ ಏಳುತ್ತದೆ. ಸಿಸಿ ಕ್ಯಾಮೆರಾದ ಡಿವಿಆರ್, ಹಾಜರಾತಿಯ ಬೆರಳಚ್ಚು ಯಂತ್ರ, ನೆಟ್‌ವರ್ಕ್ ಪ್ರಿಂಟರ್, ಇವುಗಳ ಮೇಲೆ ನನಗೆ ಯಾವಾಗಲೂ ಅನುಮಾನ, ಯಾಕೆಂದರೆ ಹಾಕಿಕೊಟ್ಟವರು ತಮಗೆ ತೋಚಿದ ನಂಬರ್ ಕೊಟ್ಟು ಹೋಗಿರುತ್ತಾರೆ.

ಹಿಡಿಯುವುದು ಹೀಗೆ. ಸರ್ವರ್‌ನ ಕೇಬಲ್ ಕಿತ್ತುಬಿಡಿ. ಇನ್ನೊಂದು ಕಂಪ್ಯೂಟರ್‌ನಿಂದ ಸರ್ವರ್‌ನ ಐಪಿಗೆ ಪಿಂಗ್ ಮಾಡಿ. ಉತ್ತರ ಬಂತಾ? ಹಾಗಾದರೆ ಆ ಹೆಸರಿನಲ್ಲಿ ಬೇರೆ ಯಾರೋ ಕೂತಿದ್ದಾರೆ. ಅದೇ ಕಂಪ್ಯೂಟರ್‌ನಲ್ಲಿ ಆರ್ಪ್ -ಎ ಕೊಟ್ಟರೆ ಆ ಕಳ್ಳನ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಹುಟ್ಟು ನಂಬರ್, ಸಿಗುತ್ತದೆ. ಅದರ ಮೊದಲ ಆರು ಅಕ್ಷರಗಳಿಂದ ಯಾವ ಕಂಪನಿಯ ಯಂತ್ರ ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ, ಹುಡುಕುವ ಕೆಲಸ ಅರ್ಧವಾಗುತ್ತದೆ. (ಈಗಿನ ಮೊಬೈಲುಗಳು ಸುಳ್ಳು ಮ್ಯಾಕ್ ವಿಳಾಸ ಹೇಳುತ್ತವೆ, ಆಗ ಒಬ್ಬೊಬ್ಬರ ವೈಫೈ ಆಫ್ ಮಾಡಿಸಿ ನೋಡಬೇಕು.) ವಿಂಡೋಸ್ ಸರ್ವರ್ ಆದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 4199 ನಂಬರಿನ ಈವೆಂಟ್ ಹುಡುಕಿ, ಡಿಕ್ಕಿ ಹೊಡೆದವರ ಮ್ಯಾಕ್ ಅಲ್ಲೂ ಬರೆದಿರುತ್ತದೆ.

ಶಾಶ್ವತ ಪರಿಹಾರ: ರೂಟರ್‌ನ ಡಿಎಚ್‌ಸಿಪಿ, ಅಂದರೆ ತಾನಾಗಿ ಐಪಿ ಹಂಚುವ ವ್ಯವಸ್ಥೆ, ಕೊನೆಯ ಅಂಕಿ 100ರಿಂದ 200ರವರೆಗಿನವನ್ನು ಮಾತ್ರ ಹಂಚಲಿ. ಸರ್ವರ್, ಪ್ರಿಂಟರ್, ಡಿವಿಆರ್ ಎಲ್ಲ 2ರಿಂದ 50ರೊಳಗೆ. ಯಾರಿಗೆ ಯಾವ ನಂಬರ್ ಅಂತ ಒಂದು ಚೀಟಿ ಬರೆದು ಸ್ವಿಚ್ ಮೇಲೆ ಅಂಟಿಸಿ.

ಸರ್ವರ್‌ನ ಐಪಿ 169.254 ಅಂತ ಶುರುವಾಗಿದೆ. ಇದು ಯಾರು ಕೊಟ್ಟಿದ್ದು?

ಯಾರೂ ಕೊಡಲಿಲ್ಲ ಅಂತ ಅದೇ ಕೊಟ್ಟುಕೊಂಡಿದ್ದು. ರೂಟರ್‌ನಿಂದ ಉತ್ತರ ಬರಲಿಲ್ಲ ಅಂತ ಅರ್ಥ. ಅಂದ ಹಾಗೆ ನಿಮ್ಮ ಸರ್ವರ್ ರೂಟರ್‌ನಿಂದ ಐಪಿ ಕೇಳುತ್ತಿದೆ ಅನ್ನುವುದೇ ತಪ್ಪು, ಅದಕ್ಕೆ ಖಾಯಂ ನಂಬರ್ ಕೊಡಿ.

ಬೇರೆ ಎಲ್ಲ ಕಂಪ್ಯೂಟರ್ ಸರಿ, ಸರ್ವರ್‌ಗೆ ಮಾತ್ರ ನೆಟ್ ಹೋಗುತ್ತದೆ. ಏನು ನೋಡಬೇಕು?

ಮೊದಲು ಕೇಬಲ್ ಬದಲಿಸಿ, ಸ್ವಿಚ್‌ನಲ್ಲಿ ಬೇರೆ ಪೋರ್ಟ್‌ಗೆ ಹಾಕಿ. ಅದರಿಂದ ಆಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಕಡೆ ಹೋಗಿ. ವಿದ್ಯುತ್ ಉಳಿಸಲು ಈ ಕಾರ್ಡನ್ನು ಆಫ್ ಮಾಡಬಹುದು ಅನ್ನುವ ಅರ್ಥದ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಸಣ್ಣ ಆಫೀಸುಗಳಲ್ಲಿ "ಸರ್ವರ್" ಅಂದರೆ ಹೆಚ್ಚಾಗಿ ಒಂದು ಒಳ್ಳೆಯ ಡೆಸ್ಕ್‌ಟಾಪ್ ಅಷ್ಟೇ, ಅದು ಸುಮ್ಮನಿದ್ದರೆ ನಿದ್ದೆ ಮಾಡುವುದಕ್ಕೆ ಹುಟ್ಟಿದ್ದು. ಅಡ್ವಾನ್ಸ್ಡ್ ಕಡೆ ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್, ಗ್ರೀನ್ ಈಥರ್‌ನೆಟ್ ಅಂತ ಏನಾದರೂ ಇದ್ದರೆ ಅದನ್ನೂ ಆಫ್ ಮಾಡಿ. ಬೆಳಿಗ್ಗೆ ಬಂದಾಗ ಅಥವಾ ಊಟ ಮುಗಿಸಿ ಬಂದಾಗ ನೆಟ್ ಇರುವುದಿಲ್ಲ ಅನ್ನುವ ದೂರು ಇದ್ದರೆ ಮೊದಲ ಅನುಮಾನ ಇದರ ಮೇಲೇ.

ಎರಡನೆಯದು, ಸರ್ವರ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇದ್ದು ಎರಡಕ್ಕೂ ಗೇಟ್‌ವೇ ತುಂಬಿಸಿರುವುದು. ಹೊರಗೆ ಹೋಗುವ ಬಾಗಿಲು ಎರಡಾಯಿತು, ಯಾವ ಬಾಗಿಲಿನಿಂದ ಹೋಗಬೇಕು ಅನ್ನುವ ಗೊಂದಲ. ಒಂದರಲ್ಲಿ ಮಾತ್ರ ಗೇಟ್‌ವೇ ಇರಲಿ, ಇನ್ನೊಂದರಲ್ಲಿ ಆ ಜಾಗ ಖಾಲಿ ಬಿಡಿ.

ಮೂರನೆಯದು ಡ್ರೈವರ್. ವಿಂಡೋಸ್ ಅಪ್‌ಡೇಟ್ ಆದ ವಾರದಿಂದಲೇ ತೊಂದರೆ ಶುರುವಾಗಿದ್ದರೆ ಕಾರ್ಡ್ ತಯಾರಕರ ಸೈಟಿನಿಂದ ಡ್ರೈವರ್ ಹಾಕಿ ನೋಡಿ. ಅದೂ ಆಗದಿದ್ದರೆ ಒಂದು ಹೊಸ ನೆಟ್‌ವರ್ಕ್ ಕಾರ್ಡ್ ತಂದು ಹಾಕಿ, ಸರ್ವರ್ ನಿಂತು ಹೋಗುವ ಅರ್ಧ ದಿನದ ನಷ್ಟಕ್ಕಿಂತ ಅದು ಅಗ್ಗ.

ಪಿಂಗ್ ಹೋಗುತ್ತದೆ, ಸೈಟ್ ತೆರೆಯುವುದಿಲ್ಲ.

ಡಿಎನ್‌ಎಸ್. ಹೆಸರು ಕೊಟ್ಟರೆ ನಂಬರ್ ಹೇಳುವ ಯಂತ್ರ ಸುಸ್ತಾಗಿದೆ. ಹೆಚ್ಚಿನ ಆಫೀಸುಗಳಲ್ಲಿ ರೂಟರ್ರೇ ಆ ಕೆಲಸ ಮಾಡುತ್ತಿರುತ್ತದೆ, ಹದಿನೈದು ಕಂಪ್ಯೂಟರ್, ಮೂವತ್ತು ಮೊಬೈಲ್ ಸೇರಿದರೆ ಅಗ್ಗದ ರೂಟರ್ ಉಸಿರು ಬಿಡುತ್ತದೆ. ಸರ್ವರ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8, 1.1.1.1 ಹಾಕಿ ಒಂದು ದಿನ ನೋಡಿ.

ಆದರೆ ನಿಲ್ಲಿ. ನಿಮ್ಮ ಸರ್ವರ್ ಡೊಮೈನ್ ಕಂಟ್ರೋಲರ್ ಆಗಿದ್ದರೆ, ಅಂದರೆ ಬೆಳಿಗ್ಗೆ ಎಲ್ಲರೂ ಅದರ ಮೂಲಕವೇ ಲಾಗಿನ್ ಆಗುತ್ತಿದ್ದರೆ, ಹೀಗೆ ಮಾಡಬೇಡಿ. ಅಲ್ಲಿ ಸರ್ವರ್ ತನ್ನನ್ನೇ ಡಿಎನ್‌ಎಸ್ ಅಂತ ಇಟ್ಟುಕೊಳ್ಳಬೇಕು, ಉಳಿದ ಕಂಪ್ಯೂಟರ್‌ಗಳೂ ಅದನ್ನೇ ಕೇಳಬೇಕು. ಗೂಗಲ್‌ನದೋ ಕ್ಲೌಡ್‌ಫ್ಲೇರ್‌ನದೋ ನಂಬರ್ ಹೋಗಬೇಕಾದದ್ದು ಡಿಎನ್‌ಎಸ್ ಸರ್ವರ್‌ನ ಫಾರ್ವರ್ಡರ್ ಅನ್ನುವ ಕಡೆ. "ಇರಲಿ ಒಂದು" ಅಂತ ಎರಡನೇ ಡಿಎನ್‌ಎಸ್ ಆಗಿ 8.8.8.8 ಹಾಕಿಟ್ಟವರ ಆಫೀಸಿನಲ್ಲಿ ಲಾಗಿನ್ ಒಂದು ದಿನ ಆಗುತ್ತದೆ, ಒಂದು ದಿನ ಇಲ್ಲ. ಗೂಗಲ್‌ಗೆ ನಿಮ್ಮ ಆಫೀಸಿನೊಳಗಿನ ಹೆಸರು ಹೇಗೆ ಗೊತ್ತಿರಬೇಕು?

ಗಡಿಯಾರದ ಹತ್ತಿರ "ಇಂಟರ್ನೆಟ್ ಇಲ್ಲ" ಅನ್ನುವ ಗುರುತು ಇದೆ, ಆದರೆ ನೆಟ್ ಓಡುತ್ತಿದೆ.

ವಿಂಡೋಸ್ ಮೈಕ್ರೋಸಾಫ್ಟ್‌ನ ಒಂದು ಪುಟ್ಟ ಪುಟವನ್ನು ಕೇಳಿ ನೋಡುತ್ತದೆ, ಅದು ಸಿಗದಿದ್ದರೆ ನೆಟ್ ಇಲ್ಲ ಅಂತ ತೀರ್ಮಾನ ಮಾಡುತ್ತದೆ. ಫೈರ್‌ವಾಲ್ ಅದನ್ನು ತಡೆದಿದ್ದರೂ ಈ ಗುರುತು ಬರುತ್ತದೆ. ಕೆಲಸ ನಡೆಯುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ದಿನಾ ಮಧ್ಯಾಹ್ನ ಒಂದೇ ಹೊತ್ತಿಗೆ ನೆಟ್ ಸತ್ತ ಹಾಗಾಗುತ್ತದೆ, ಆಮೇಲೆ ಸರಿ ಹೋಗುತ್ತದೆ.

ಗಡಿಯಾರದ ಹಾಗೆ ಬರುವ ತೊಂದರೆಗೆ ಕಾರಣವೂ ಗಡಿಯಾರವೇ. ಬ್ಯಾಕಪ್ ಎಷ್ಟು ಗಂಟೆಗೆ ಇಟ್ಟಿದ್ದೀರಿ? "ಊಟದ ಹೊತ್ತಿನಲ್ಲಿ ಯಾರೂ ಇರಲ್ಲ" ಅಂತ ಎರಡು ಗಂಟೆಗೆ ಕ್ಲೌಡ್ ಬ್ಯಾಕಪ್ ಇಟ್ಟಿರುತ್ತಾರೆ. ಡೇಟಾ ಬೆಳೆದಿರುತ್ತದೆ, ಬ್ಯಾಕಪ್ ನಾಲ್ಕರವರೆಗೂ ಮುಗಿಯುವುದಿಲ್ಲ. ಮೇಲೆ ಕಳಿಸುವ ದಾರಿ ಪೂರ್ತಿ ತುಂಬಿದರೆ ಕೆಳಗೆ ಬರುವುದೂ ನಿಲ್ಲುತ್ತದೆ, ಯಾಕೆಂದರೆ "ಬಂತು, ಮುಂದಿನದು ಕಳಿಸು" ಅನ್ನುವ ಸಣ್ಣ ಉತ್ತರಗಳೂ ಅದೇ ದಾರಿಯಲ್ಲಿ ಹೋಗಬೇಕು. ಆಗ 8.8.8.8ರ ಪಿಂಗ್ ನಿಲ್ಲುವುದಿಲ್ಲ, ಆದರೆ 20ರಲ್ಲಿದ್ದದ್ದು 800ಕ್ಕೆ ಏರುತ್ತದೆ. ಬ್ಯಾಕಪ್ ರಾತ್ರಿಗೆ ಹಾಕಿ, ಅಪ್‌ಲೋಡ್ ವೇಗಕ್ಕೆ ಒಂದು ಮಿತಿ ಇಡಿ. ಕ್ಯಾಮೆರಾ ದೃಶ್ಯವನ್ನು ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡುವ ಮಾಲೀಕರಿದ್ದರೆ ಅದೂ ಇದೇ ದಾರಿ ತಿನ್ನುತ್ತದೆ. ಇದನ್ನು ಅವರಿಗೆ ಹೇಳುವುದು ನಿಮಗೆ ಬಿಟ್ಟಿದ್ದು.

ಕೆಲವು ಸೈಟ್ ಮಾತ್ರ ಅರ್ಧ ತೆರೆದು ನಿಲ್ಲುತ್ತವೆ.

ಎಂಟಿಯು ನೋಡಿ. ಒಂದು ಸಲಕ್ಕೆ ಎಷ್ಟು ದೊಡ್ಡ ಪೊಟ್ಟಣ ಕಳಿಸಬಹುದು ಅನ್ನುವ ಅಳತೆ ಅದು. ಸಾಮಾನ್ಯವಾಗಿ 1500. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಪಿಪಿಪಿಓಇ ಕನೆಕ್ಷನ್‌ನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ಸರ್ವರ್‌ನಿಂದ ಪಿಂಗ್ 8.8.8.8 -ಎಫ್ -ಎಲ್ 1464 ಕೊಡಿ. ಇದು ಹೋಗಿ 1472 ಹೋಗದಿದ್ದರೆ ಲೆಕ್ಕ ಸರಿಯಾಯಿತು, 1464ಕ್ಕೆ ತಲೆಬರಹದ 28 ಸೇರಿದರೆ 1492. ರೂಟರ್‌ನ ವ್ಯಾನ್ (ಹೊರಗಿನ ಲೈನು ಸೇರುವ ಕಡೆ) ಸೆಟ್ಟಿಂಗ್‌ನಲ್ಲಿ ಎಂಟಿಯು 1492 ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿ.

ಆಫೀಸಿನೊಳಗೆ ಎಲ್ಲ ಸರಿ. ಮನೆಯಿಂದ ಸರ್ವರ್‌ಗೆ ಬರಲು ಒಂದೊಂದು ದಿನ ಆಗುವುದೇ ಇಲ್ಲ.

ನಿಮ್ಮ ಹೊರಗಿನ ಐಪಿ ಬದಲಾಗುತ್ತಿರಬಹುದು. ಮೋಡೆಮ್ ಪ್ರತಿ ಸಲ ಲಾಗಿನ್ ಆದಾಗ ಹೊಸ ನಂಬರ್ ಸಿಗುವುದುಂಟು. ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರವರೆಗಿನ ಯಾವುದರಿಂದಾದರೂ ಶುರುವಾಗುತ್ತಿದ್ದರೆ ನಿಮಗೆ ಸ್ವಂತ ಐಪಿಯೇ ಇಲ್ಲ, ಒಂದೇ ನಂಬರನ್ನು ಕಂಪನಿ ತುಂಬಾ ಜನಕ್ಕೆ ಹಂಚಿದೆ. ಆಗ ಸ್ಟ್ಯಾಟಿಕ್, ಅಂದರೆ ಬದಲಾಗದ, ಐಪಿ ಕೇಳಿ ತೆಗೆದುಕೊಳ್ಳಿ, ಇಲ್ಲವೇ ವಿಪಿಎನ್ (ಹೊರಗಿನಿಂದ ಆಫೀಸಿನೊಳಗೆ ಬರುವ ಸುರಕ್ಷಿತ ಖಾಸಗಿ ದಾರಿ) ವ್ಯವಸ್ಥೆ ಮಾಡಿಸಿ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಹಾಗೇ ಹೊರಗೆ ತೆರೆದಿಟ್ಟವರು ಈಗಲೇ ಹೋಗಿ ಮುಚ್ಚಿ. ನಾನು ತಮಾಷೆ ಮಾಡುತ್ತಿಲ್ಲ. ದಿನವಿಡೀ ಯಾರ್ಯಾರೋ ಪಾಸ್‌ವರ್ಡ್ ಊಹಿಸುತ್ತಾ ಬಾಗಿಲು ಬಡಿಯುತ್ತಿರುತ್ತಾರೆ, ಅದರಿಂದಲೂ ಸರ್ವರ್ ಏದುಸಿರು ಬಿಡುತ್ತದೆ.

ಗುಡುಗು ಮಳೆ ಬಂದ ಮೇಲಿಂದ ಹೀಗಾಗಿದೆ.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಸ್ವಿಚ್‌ಗಳಿಗೆ ಯಮ. ಫೈಬರ್ ಮೂಲಕ ಸಿಡಿಲು ಬರುವುದಿಲ್ಲ, ಅದು ಗಾಜು. ಬರುವುದು ಕರೆಂಟಿನ ಮೂಲಕ, ಇಲ್ಲವೇ ಮಹಡಿಯಿಂದ ಮಹಡಿಗೆ ಹೊರಗೋಡೆಯ ಮೇಲೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಮೂಲಕ. ಪೋರ್ಟ್ ಪೂರ್ತಿ ಸುಟ್ಟರೆ ಗೊತ್ತಾಗುತ್ತದೆ, ಅರ್ಧ ಪೆಟ್ಟು ತಿಂದ ಪೋರ್ಟ್ ತಿಂಗಳುಗಟ್ಟಲೆ ಆಟ ಆಡಿಸುತ್ತದೆ. ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಎರಡು ಕಟ್ಟಡಗಳ ನಡುವೆ ಕೇಬಲ್ ಎಳೆಯಬೇಕಾದರೆ ಫೈಬರ್ ಹಾಕಿಸಿ. ಅರ್ಥಿಂಗ್ ಯಾವಾಗ ನೋಡಿಸಿದ್ದು ಅಂತಲೂ ಒಮ್ಮೆ ಎಲೆಕ್ಟ್ರಿಷಿಯನ್‌ನ ಕೇಳಿ.

ಇನ್ನೊಂದು ಕನೆಕ್ಷನ್ ತೆಗೆದುಕೊಂಡರೆ ಮುಗಿಯಿತಲ್ವಾ?

ತೊಂದರೆ ಹೊರಗಿದ್ದರೆ ಮುಗಿಯುತ್ತದೆ. ಒಳಗಿದ್ದರೆ ಎರಡು ಬಿಲ್ ಕಟ್ಟುತ್ತೀರಿ ಅಷ್ಟೇ. ತೆಗೆದುಕೊಳ್ಳುವುದಾದರೆ ಬೇರೆ ಕಂಪನಿಯದು ಮಾತ್ರ ಸಾಲದು, ಬೇರೆ ಕಂಬದಿಂದ ಬರುತ್ತದಾ ಅಂತ ಹೊರಗೆ ಹೋಗಿ ತಲೆ ಎತ್ತಿ ನೋಡಿ. ಎರಡೂ ಒಂದೇ ಕಂಬದ ಮೇಲೆ ಜೋತಾಡುತ್ತಿದ್ದರೆ ಒಂದು ಎತ್ತರದ ಲಾರಿಗೆ ಎರಡೂ ಕಿತ್ತು ಬರುತ್ತವೆ. ಎರಡು ವ್ಯಾನ್ ಇರುವ ರೂಟರ್ ಹಾಕಿ, ಒಂದು ಬಿದ್ದರೆ ಇನ್ನೊಂದು ಅನ್ನುವ ಫೇಲ್‌ಓವರ್ ಇಡಿ. ಎರಡನ್ನೂ ಒಟ್ಟಿಗೆ ಹಂಚಿ ಓಡಿಸಿದರೆ ಬ್ಯಾಂಕ್ ಸೈಟುಗಳು ನಡುವೆ ಐಪಿ ಬದಲಾಯಿತು ಅಂತ ಲಾಗೌಟ್ ಮಾಡಿ ಕಳಿಸಬಹುದು, ಆಮೇಲೆ ಅದಕ್ಕೊಂದು ಫೋನ್ ನನಗೆ ಬರುತ್ತದೆ.

ಕಂಪನಿಗೆ ದೂರು ಕೊಡುವಾಗ ಏನು ಹೇಳಬೇಕು?

"ನೆಟ್ ಬರ್ತಿಲ್ಲ" ಅಂದರೆ "ಮೋಡೆಮ್ ರೀಸ್ಟಾರ್ಟ್ ಮಾಡಿ" ಅನ್ನುತ್ತಾರೆ. ಅದರ ಬದಲು ಹೀಗೆ ಹೇಳಿ: ಈ ವಾರ ಇಂತಿಂಥ ದಿನ, ಇಂತಿಂಥ ಹೊತ್ತಿಗೆ ಹೋಗಿದೆ, ಮೋಡೆಮ್ ಆಫ್ ಆಗಿರಲಿಲ್ಲ, ಎಲ್ಓಎಸ್ ಕೆಂಪಾಗಿತ್ತು, ಆಪ್ಟಿಕಲ್ ಪವರ್ ಇಷ್ಟಿದೆ, ಗೇಟ್‌ವೇಗೆ ಪಿಂಗ್ ಹೋಗುತ್ತಿತ್ತು, ನಿಮ್ಮ ಮೊದಲ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಆ ಕಡೆಯವರ ದನಿಯೇ ಬದಲಾಗುತ್ತದೆ. ದೂರಿನ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ. ಬಗೆಹರಿಯದಿದ್ದರೆ ಆ ನಂಬರ್ ಇಟ್ಟುಕೊಂಡು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಬರೆದರೆ ಆಗುತ್ತದೆ ಅಂದುಕೊಂಡಿರುತ್ತಾರೆ, ಆದರೆ ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ಬಗೆಹರಿಸುವುದಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಗೆ ಸಿಪಿಗ್ರಾಮ್ಸ್ ಅನ್ನುವ ಸರ್ಕಾರಿ ದೂರು ಪೋರ್ಟಲ್ ಮೂಲಕ ದೂರು ಕೊಡಬಹುದು.

ಎಲ್ಲ ಬದಲಾಯಿಸಿಯಾಯಿತು. ಇನ್ನೂ ಹೋಗುತ್ತಿದೆ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೀರಾ? ಹಾಗಿದ್ದರೆ ಏನು ಬದಲಾಯಿತು ಅಂತಲೇ ಗೊತ್ತಾಗುವುದಿಲ್ಲ. ಒಂದು ಬದಲಿಸಿ, ಎರಡು ದಿನ ನೋಡಿ, ಆಮೇಲೆ ಮುಂದಿನದು. ಮತ್ತೆ ಸ್ವಿಚ್ ಹತ್ತಿರ ಹೋಗಿ ಪ್ರತಿ ಕೇಬಲ್‌ನ ಎರಡೂ ತುದಿ ಹಿಡಿದು ನೋಡಿ. ಒಂದು ಕ್ಲಿನಿಕ್ಕಿನಲ್ಲಿ ಕಸ ಗುಡಿಸುವವರು ನೆಲದ ಮೇಲೆ ಬಿದ್ದಿದ್ದ ಒಂದು ಕೇಬಲ್ ತುದಿ ನೋಡಿ, ಪಾಪ ಬಿಚ್ಚಿಕೊಂಡಿದೆ ಅಂತ ಖಾಲಿ ಕಂಡ ತೂತಿಗೆ ಚುಚ್ಚಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು. ಸ್ವಿಚ್ ತಾನು ಕೂಗಿದ್ದನ್ನು ತಾನೇ ಕೇಳಿಸಿಕೊಂಡು ಮತ್ತೆ ಕೂಗುತ್ತಾ ಕೂತಿತ್ತು, ದೀಪಗಳೆಲ್ಲ ಹಬ್ಬದ ಸೀರಿಯಲ್ ಸೆಟ್ ಹಾಗೆ ಒಟ್ಟಿಗೆ ಮಿನುಗುತ್ತಿದ್ದವು. ಆ ಕೇಬಲ್ ಕಿತ್ತ ಮರುಕ್ಷಣ ಎಲ್ಲ ಶಾಂತ.

ನಿಮ್ಮನ್ನು ಕರೆಸುವ ಮುಂಚೆ ಏನು ತಯಾರು ಮಾಡಿಟ್ಟಿರಬೇಕು?

ಸಮಯ ಬರೆದ ಕ್ಯಾಲೆಂಡರ್ ಹಾಳೆ, ದೀಪದ ಫೋಟೋ, ಮತ್ತು ರೂಟರ್‌ನ ಅಡ್ಮಿನ್ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಅಲ್ಲ, ಅಡ್ಮಿನ್‌ದು. ಹತ್ತು ಆಫೀಸಿಗೆ ಹೋದರೆ ಎಂಟರಲ್ಲಿ "ಅದು ಮುಂಚೆ ಇದ್ದ ಹುಡುಗನಿಗೆ ಗೊತ್ತಿತ್ತು ಸರ್" ಅನ್ನುತ್ತಾರೆ. ಆ ಹುಡುಗ ಈಗ ಬೆಂಗಳೂರಿನಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ.